ಹಲಗೆಗೆ ವಾರ್ನಿಷ್ ಹೊಡೆಸಬೇಡಿ

ಮನಿಲಾದ ವಿದ್ಯಾರ್ಥಿ ಕಲಾಸ್ಪರ್ಧೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ನನ್ನ ಚಿತ್ರವನ್ನು ತಿರಸ್ಕರಿಸಿ, ಆ ಚಿತ್ರದ ಅಚ್ಚು ತೆಗೆದ ಮರದ ಹಲಗೆಗೆ ಬಹುಮಾನ ಕೊಟ್ಟಿದ್ದೀರಿ. ಶುಕ್ರವಾರ ಅದಕ್ಕೆ ವಾರ್ನಿಷ್ ಹೊಡೆಸಿ ಶಾಶ್ವತವಾಗಿ ಗೋಡೆಗೇರಿಸುತ್ತೀರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಬಹುಮಾನ ಬೇಡವೆನ್ನುವ ಮೊದಲ ವಿದ್ಯಾರ್ಥಿನಿ ನಾನೇ ಇರಬೇಕು; ಇಷ್ಟು ಬರೆಯುವಷ್ಟರಲ್ಲಿ ಅಳುಕಿನಿಂದ ಹಾಸ್ಟೆಲ್ ಮೆಟ್ಟಿಲನ್ನು ಆರು ಸಲ ಹತ್ತಿಳಿದಿದ್ದೇನೆ.

ರೊಸಾರಿಯೋದ ಕಡಲ ದಂಡೆಯಲ್ಲಿ ಮೀನು ಒಣಗಿಸುವ ಹನ್ನೆರಡು ಹೆಂಗಸರನ್ನು ಒಂದೇ ಹಲಗೆಯಲ್ಲಿ ಕೆತ್ತಿ, ಮಸಿ ಸವರಿ, ಕಾಗದ ಹರಡಿ, ಪ್ರೆಸ್ ಇಲ್ಲದ್ದರಿಂದ ಅನ್ನದ ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆದೆ. ಹನ್ನೆರಡು ಜನಕ್ಕೂ ಒಂದೊಂದು ಎಂದು ಮಾತು ಕೊಟ್ಟಿದ್ದೆ. ನಾಲ್ಕು ಮುಗಿದಿದ್ದವು. ನಾಲ್ಕನೆಯದು ಆ ಹೆಂಗಸರಲ್ಲೊಬ್ಬಳಾದ ಚಿಕ್ಕಮ್ಮ ಮೆರ್ಸಿಂಗ್‌ಳದು. ಅವಳಿಂದ ಕಡ ತಂದು ನಿಮ್ಮ ಕೌಂಟರಿನಲ್ಲಿಟ್ಟೆ. ಅಚ್ಚುಚಿತ್ರದವರಾದ ನಮ್ಮ ಪದ್ಧತಿಯಂತೆ ಅಂಚಿನಲ್ಲಿ ಪೆನ್ಸಿಲಿನಿಂದ 4/12, ಅಂದರೆ ಹನ್ನೆರಡರಲ್ಲಿ ನಾಲ್ಕನೆಯದು, ಎಂದು ಬರೆದಿತ್ತು. ಗುಮಾಸ್ತರು ಕನ್ನಡಕ ಏರಿಸಿದರು.

"ಏನಮ್ಮಾ, ಕಾಪಿ ತಂದಿದ್ದೀಯಾ? ಒರಿಜಿನಲ್ ಎಲ್ಲಿ?"

"ಇದೇ ಒರಿಜಿನಲ್ ಸಾರ್. ಹನ್ನೆರಡೂ ಒರಿಜಿನಲ್ಲೇ."

"ಓಹೋ! ನಿಂಗೆ ತಾಯಂದಿರೂ ಹನ್ನೆರಡು ಜನಾನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ದೊಡ್ಡವರು ಕೇಳಿದ್ದನ್ನು ತಂದೊಪ್ಪಿಸುವುದಷ್ಟೇ ಗೊತ್ತು. ಮರುದಿನ ಸಾಕ್ಷಿಗೆಂದು ಹಲಗೆಯನ್ನೇ ಹೊತ್ತು ತಂದೆ. ಅದೇ ನನ್ನ ತಪ್ಪು. ಅವರು ಅದಕ್ಕೆ 'ಮರದ ಕೆತ್ತನೆ' ಎಂದು ಚೀಟಿ ಅಂಟಿಸಿ ಒಳಗಿಟ್ಟುಕೊಂಡರು. ಕಾಗದವನ್ನು ನನ್ನ ಕೈಗೆ ವಾಪಸು ತುರುಕಿದರು.

ಮಾನ್ಯರೇ, ಅಕ್ಕಿಹಿಟ್ಟಿನ ಸಿಹಿ ಬಿಬಿಂಗ್ಕಾ ತಿನ್ನಲು ಕೂತವರು ಅದನ್ನು ಬೇಯಿಸಿದ ಮಣ್ಣಿನ ಪಾತ್ರೆಯನ್ನು ಕಚ್ಚುತ್ತಾರೆಯೇ? ಎರಡನೆಯ ಬಿಬಿಂಗ್ಕಾವನ್ನು ಮೊದಲನೆಯದರ ನಕಲು ಎನ್ನುತ್ತಾರೆಯೇ? ತೈಲಚಿತ್ರಕ್ಕೊಂದು ಕೋಣೆ, ಶಿಲ್ಪಕ್ಕೊಂದು ಕೋಣೆ ಇರುವ ನಿಮ್ಮ ಕಟ್ಟಡದಲ್ಲಿ ಅಚ್ಚುಚಿತ್ರಕ್ಕೆ ಒಂದು ಗೋಡೆಯೂ ಏಕಿಲ್ಲ? ಒಬ್ಬ ಸಿರಿವಂತನ ಹಜಾರದಲ್ಲಿ ತೂಗಿದರಷ್ಟೇ ಕಲೆ. ಮೀನು ಒಣಗಿಸುವವರ ಹನ್ನೆರಡು ಮನೆಗಳಲ್ಲಿ ತೂಗಿದರೆ ಜೆರಾಕ್ಸೇ?

ಕೂದಲೆಳೆಯಂಥ ಗೀರುಗಳಲ್ಲಿ ವಾರ್ನಿಷ್ ತುಂಬಿಕೊಂಡರೆ ಹಲಗೆ ಸತ್ತಂತೆ. ಉಳಿದ ಎಂಟು ಅಚ್ಚು ಎಂದೂ ಬರುವುದಿಲ್ಲ. ಆ ಎಂಟರಲ್ಲಿ ಒಂದು ಅಜ್ಜಿ ಪಾಸಿಂಗ್‌ಳದು. ಮೊನ್ನೆ ಕೇಳಿದಳು: "ಗೋಡೆಗೆ ಮೊಳೆ ಹೊಡ್ಕೊಂಡು ಕೂತಿದೀನಿ ಕಣೇ, ನಂದು ಯಾವಾಗ?"

"ಪ್ರೈಜ್ ಬಂದಿದೆ ಅಜ್ಜಿ."

"ಪ್ರೈಜ್ ನಿಂಗೆ ಬಂತು. ನನ್ನ ಮುಖ ಎಲ್ಲಿ?"

ಬಹುಮಾನದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ, ಹಲಗೆ ಹಿಂದಿರುಗಿಸಿ. ಮುಂದಿನ ವರ್ಷದ ಅರ್ಜಿಯಲ್ಲಿ 'ಅಚ್ಚುಚಿತ್ರ' ಎಂಬ ವಿಭಾಗ ಇರಲಿ. ಶುಕ್ರವಾರ ನಿಮ್ಮ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿರುತ್ತೇನೆ. ಒಬ್ಬಳೇ ಅಲ್ಲ. ಆ ಎಂಟೂ ಜನ ಬೆಳಗಿನ ಮೊದಲ ಜೀಪ್ನಿ ಬಂಡಿಗೇ ಹೊರಡುತ್ತಾರಂತೆ.

ಇಂತಿ, ನಿಮಗಿಂತ ಅವರಿಗೇ ಹೆಚ್ಚು ಹೆದರುವ,
ಡೆಲ್ಫಿನಾ ಕಾಬಿಗಾಸ್
ಲಲಿತಕಲೆ, ಮೊದಲ ವರ್ಷ