ಐಕಮ್ಮ ಬಂದು ಹೋದಳು

ನಂಜನಗೂಡು
9-2-2025, ಭಾನುವಾರ

ನನ್ನ ಮುದ್ದು ರೋಜಾ,

ನಿನ್ನ ಅವ್ವನ ಸಾವಿರ ಮುತ್ತು. ನಾವಿಲ್ಲಿ ಉಂಡುಟ್ಟುಕೊಂಡು ಚೆನ್ನಾಗಿದ್ದೇವೆ, ನೀನು ಅಲ್ಲಿ ಆ ಹಿಮದಲ್ಲಿ ಹೇಗಿದ್ದೀಯೋ. ತಡವಾಯಿತೆಂದು ಮುನಿಯಬೇಡ. ನೀನು ನೋಡಿಕೊಳ್ಳುತ್ತಿದ್ದ ಎಲ್ಸೆ ಅಜ್ಜಿ ತೀರಿಕೊಂಡ ವಾರ ನನ್ನನ್ನು ಒಂದು ಮಾತು ಕೇಳಿದ್ದೆ: "ಅವ್ವ, ನನ್ ಅಗ್ರಿಮೆಂಟ್ ಮುಗೀತಾ ಅದೆ. ಬಂದ್ಬುಡ್ಲಾ, ಇಲ್ಲ ಜರ್ಮನೀಲೇ ಇನ್ನೊಂದ್ ಮೂರ್ ವರ್ಸ ಇರ್ಲಾ?" ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ಹೇಳಬೇಕಾದದ್ದನ್ನೆಲ್ಲ ನುಂಗಿಕೊಂಡು ಉಂಡ್ಯಾ, ಸ್ವೆಟರ್ ಆಕ್ಕಂಡಿದ್ದೀಯಾ ಎನ್ನುತ್ತೇನೆ. ಅದಕ್ಕೇ ಈ ಕಾಗದ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಕೈ, ಅಷ್ಟು ಬೇಗ ಮರೆಯುತ್ತದೆಯೇ?

ಉತ್ತರಕ್ಕೆ ಮುಂಚೆ ಒಂದು ಸುದ್ದಿ. ಎಲ್ಸೆ ಅಜ್ಜಿಯ ಮಗಳು ಹೈಕೆ ನಮ್ಮ ಮನೆಗೆ ಬಂದಿದ್ದಳು. ನೀನು ವಿಳಾಸ ಕೊಟ್ಟಿದ್ದೆಯಂತೆ, ನಮಗೊಂದು ಮಾತು ತಿಳಿಸಬಾರದಿತ್ತೇ? ಯೋಗ ಕಲಿಯಲೆಂದು ಮೈಸೂರಿಗೆ ಬಂದಿದ್ದವಳು ಕಳೆದ ಶನಿವಾರ ಒಬ್ಬಳೇ ರೈಲು ಹತ್ತಿ ಇಲ್ಲಿಗೆ ಬಂದುಬಿಟ್ಟಳು. ನಾವು ಹೊಟ್ಟೆಪಾಡಿಗೆ ಅವರ ದೇಶಕ್ಕೆ ಹೋಗುತ್ತೇವೆ, ಅವರು ಉಸಿರು ಬಿಡುವುದನ್ನು ಕಲಿಯಲು ನಮ್ಮ ದೇಶಕ್ಕೆ ಬರುತ್ತಾರೆ. ಈ ಪ್ರಪಂಚ ನನಗೆ ಅರ್ಥವಾಗುವುದಿಲ್ಲ.

ನಾನು ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಬಿಸಿಲಿಗೆ ಕೆಂಪಾದ ಮುಖ, ನರೆತ ಕೂದಲು, ಬಾಗಿಲ ಎತ್ತರ ಇದ್ದಾಳೆ. ಕೈಮುಗಿದು "ರೋಜಾ, ರೋಜಾ" ಎಂದಳು. ನನಗೆ ಗೊತ್ತಾಯಿತು. ಮೊದಲ ಸಲ ಹೊಸಿಲು ತುಳಿಯುವ ಹೆಣ್ಣುಮಗಳು, ಅದೂ ತಾಯಿ ಕಳೆದುಕೊಂಡು ಬಂದವಳು. ಎದ್ದು, ಅವಳ ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಮುಖ ನೀವಿ, ಬೆರಳು ಮಡಚಿ ನನ್ನ ಕಪಾಲಕ್ಕೆ ಒತ್ತಿಕೊಂಡು ಲಟಲಟ ನೆಟಿಕೆ ಮುರಿದೆ. ಯಾರ ದೃಷ್ಟಿಯೂ ತಾಗದಿರಲಿ ಎಂದು ಯಾರಿಗಾದರೂ ಮಾಡುತ್ತೇವಲ್ಲ, ಅಷ್ಟೇ.

ಅವಳು ಕಂಬದ ಹಾಗೆ ನಿಂತುಬಿಟ್ಟಳು. ಆಮೇಲೆ ಅವರೆಕಾಯಿ ಸಿಪ್ಪೆಯ ಮೇಲೇ ಕುಸಿದು ಕುಳಿತು ಅಳತೊಡಗಿದಳು. ಮುಟ್ಟಬಾರದಿತ್ತೇನೋ, ಅವರಲ್ಲಿ ಅದು ತಪ್ಪೇನೋ ಎಂದುಕೊಂಡೆ. ನಿನ್ನ ತಮ್ಮ ಪ್ರೇಮ್‌ಕುಮಾರನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಪಾಳಿ, ಪುಣ್ಯಕ್ಕೆ ಇನ್ನೂ ಮನೆಯಲ್ಲೇ ಇದ್ದ. ಮಿಷನ್ ರಿಪೇರಿಗೆ ಬರುವ ಫಾರಿನ್ ಇಂಜಿನಿಯರುಗಳ ಹತ್ತಿರ ಕಲಿತ ಇಂಗ್ಲಿಷಿನಲ್ಲಿ ಅವಳನ್ನು ವಿಚಾರಿಸಿ ನನಗೆ ಹೇಳಿದ.

"ಅವ್ವ, ಕೊನೆ ತಿಂಗ್ಳಲ್ಲಿ ಇವ್ರವ್ವ ಹಿಂಗೇ ಮಾಡ್ತಿದ್ರಂತೆ. ಇವ್ರು ನೋಡಕ್ ಓದಾಗೆಲ್ಲ ಮುಖ ಸವರಿ, ಬೆರ್ಳು ಮಡಚಿ ಕಪಾಲಕ್ಕೆ ಒತ್ಕೊತಿದ್ರಂತೆ. ಮರೆವಿನ್ ಕಾಯ್ಲೆ ಜಾಸ್ತಿ ಆಯ್ತು ಅಂತ ಡಾಕ್ಟ್ರುಗೆ ತೋರ್ಸುದ್ರಂತೆ. ಅವ್ರು ನರದ್ ತೊಂದ್ರೆ ಅಂತ ಮಾತ್ರೆ ಕೊಟ್ಟವ್ರೆ."

ರೋಜಾ, ಆಗ ನನಗೆ ಹೊಳೆಯಿತು. ದಿನಾ ಆ ಅಜ್ಜಿಗೆ ತಲೆ ಬಾಚಿದ ಮೇಲೆ ನೀನು ನೆಟಿಕೆ ಮುರಿಯುತ್ತಿದ್ದಿರಬೇಕು. ನಮ್ಮತ್ತೆ ನನಗೆ ಮಾಡಿದ್ದು, ನಾನು ನಿನಗೆ ಮಾಡಿದ್ದು, ನೀನು ಮಾಡಿದ್ದು, ಕೊನೆಗೆ ತನ್ನ ಹೆಸರನ್ನೇ ಮರೆತಿದ್ದ ಮುದುಕಿ ತನ್ನ ಮಗಳಿಗೆ ಮಾಡಿದ್ದು. ತಲಕಾಡಿನ ಮರಳು ದಾಟಿ ಎರಡು ಊರು ನೋಡದೆ ಸತ್ತ ನಮ್ಮತ್ತೆಯ ಕೈ ಎಲ್ಲಿಗೆ ಹೋಗಿ ಮುಟ್ಟಿತು ನೋಡು. ಇದು ರೋಗವಲ್ಲ, ನಿನಗೆ ಕೆಟ್ಟದಾಗದಿರಲಿ ಎಂದು ನಿಮ್ಮವ್ವ ಹರಸಿದ್ದು ಎಂದು ಪ್ರೇಮನ ಕೈಲಿ ಹೇಳಿಸಿದೆ. ಹೈಕೆ ಎಷ್ಟೋ ಹೊತ್ತು ನನ್ನ ಕೈ ಬಿಡಲಿಲ್ಲ. ನಿನ್ನನ್ನು ಒಂದು ಮಾತು ಕೇಳಿದ್ದರೆ ಅಲ್ಲೇ ತಿಳಿಯುತ್ತಿತ್ತು. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲವಂತೆ. ಅದನ್ನು ಹೇಳುವಾಗ ಅವಳು ತಲೆ ತಗ್ಗಿಸಿದಳು.

ನೀನು ಹುಟ್ಟಿದ ಊರನ್ನು ನೋಡಬೇಕೆಂದಳು. ಮಾರನೆಯ ದಿನ ಪ್ರೇಮನನ್ನೂ ನಿನ್ನ ಮಗಳು ಕವನಳನ್ನೂ ಕರೆದುಕೊಂಡು ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ತಲಕಾಡಿಗೆ ಹೋದೆವು. ಹಂಚಿನ ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು ತಮ್ಮನ ಸಂಸಾರದ ಜೊತೆ ಕುಳಿತಿರುವ ನಿಮ್ಮಪ್ಪ, ಅವಳಿಗಾಗಿ ಹೊಸ ಪಂಚೆ ಉಟ್ಟಿದ್ದರು. ಹೆಸರು ಬಾಯಿಗೆ ಬರದೆ "ಬಾ ಐಕಮ್ಮ, ಕೂತ್ಕೊ" ಎಂದರು. ಅಲ್ಲಿಂದ ಅವಳು ಊರಿಗೆಲ್ಲ ಐಕಮ್ಮನೇ. ಅವಳು ಫೋನಿಗೆ ಏನೋ ಹೇಳಿದರೆ ಅದು "ತಮ್ಮ ಆತಿಥ್ಯಕ್ಕೆ ನಾನು ಚಿರಋಣಿ" ಎಂದಿತು. "ಈ ಫೋನು ರೇಡಿಯೊ ವಾರ್ತೆ ಓದ್ದಂಗೆ ಮಾತಾಡ್ತದಲ್ಲಮ್ಮಿ" ಎಂದು ನಿಮ್ಮಪ್ಪ ನಕ್ಕರು. ಮುದ್ದೆಯನ್ನು ನುಂಗು ಎಂದರೂ ಕೇಳದೆ ಅಗಿದು ಅಗಿದು ದವಡೆ ನೋಯಿಸಿಕೊಂಡಳು.

ಪಕ್ಕದ ಮನೆ ಪುಟ್ಟಗೌರಮ್ಮ ನಿನಗೆ ಗೊತ್ತಲ್ಲ, ಬಾಯಿಗೆ ಬೀಗ ಇಲ್ಲ. "ಎತ್ತವ್ವನ್ನ ನೋಡ್ಕಳಕ್ಕೆ ಇವ್ಳಿಗೇನ್ ಬಂದಿತ್ತು ದಾಡಿ? ನಮ್ ಮಗು ಓಗ್ಬೇಕಾಗಿತ್ತಾ?" ಎಂದಳು. ಹೇಳಬೇಡವೆಂದು ಪ್ರೇಮನಿಗೆ ಕಣ್ಣುಸನ್ನೆ ಮಾಡಿದೆ, ಅವನು ಹೇಳಿಯೇಬಿಟ್ಟ. ಹೈಕೆಗೆ ಕೋಪ ಬರಲಿಲ್ಲ. ಅವರು ಕೇಳಿದ್ದು ಸರಿ, ನನ್ನ ಮನೆ ದೂರ, ಕೆಲಸ ಬಿಡಲಾಗಲಿಲ್ಲ, ನಿಮ್ಮ ಮಗಳು ನನಗಿಂತ ಹತ್ತಿರವಿದ್ದಳು ಎಂದಳಂತೆ.

ನನಗೂ ಅವಳನ್ನು ಆಡಿಕೊಳ್ಳಲು ಮನಸ್ಸಾಗಲಿಲ್ಲ. ಗುಂಡಿ ಒತ್ತಿದರೆ ಏಳುವ ಮಂಚ, ಬೆನ್ನು ಹುಣ್ಣಾಗದ ಗಾಳಿ ಹಾಸಿಗೆ, ಕಿಟಕಿಯಲ್ಲಿ ಹೂದೋಟ, ಅವಳವ್ವನಿಗೆ ಇದ್ದದ್ದನ್ನೆಲ್ಲ ಫೋನಿನಲ್ಲಿ ತೋರಿಸಿದಳು. ನಮ್ಮತ್ತೆ ಸಾಯುವಾಗ ಸುತ್ತ ಊರೇ ಇತ್ತು, ನಿಜ. ಆದರೆ ಚಾಪೆಯ ಮೇಲೆ ಬೆನ್ನೆಲ್ಲ ಹುಣ್ಣಾಗಿ ನರಳುವಾಗ ಆ ಹುಣ್ಣು ತೊಳೆಯುವ ಬಗೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಮಂಚ ಇದೆ, ಜನ ಇಲ್ಲ. ನಮ್ಮಲ್ಲಿ ಜನ ಇದ್ದರು, ಮಂಚ ಇರಲಿಲ್ಲ. ಈಗ ಆ ಜನವೂ ವಿಮಾನ ಹತ್ತುತ್ತಿದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಿಮ್ಮಪ್ಪನದು ಒಂದೇ ಮಾತು: "ಬಾ ಅನ್ನು. ಆ ಮುದ್ಕಿನೂ ಓದ್ಳು, ಇನ್ನೇನ್ ಅದೆ ಅಲ್ಲಿ?" ಪ್ರೇಮನದು ಇನ್ನೊಂದು: "ಇಲ್ಲಿ ನರ್ಸ್‌ಗೆ ಯಾರವ್ವ ಬೆಲೆ ಕೊಡ್ತಾರೆ? ಇನ್ನೊಸಿ ದಿನ ಇದ್ರೆ ಅಲ್ಲೇ ಕಾಯಂ ಆಯ್ತದೆ, ಕವನನ್ನೂ ಕರ್ಕೊಬೋದು." ಇಬ್ಬರದೂ ಸರಿ ಅನ್ನಿಸುತ್ತದೆ. ನಿನ್ನ ಗಂಡ ರಾಜೇಂದ್ರ ತೀರಿಕೊಂಡ ಮೇಲೆ ಮೂರು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಹೊರಟಾಗ ನಾನು ತಡೆಯಲಿಲ್ಲ, ಈಗಲೂ ಎಳೆಯುವುದಿಲ್ಲ. ನಿನಗೆ ಸರಿ ಕಂಡದ್ದು ಮಾಡು. ಕವನ ಎರಡನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ, ಅವಳ ಚಿಂತೆ ನಿನಗೆ ಬೇಡ.

ಬುದ್ಧನ ಕರುಣೆ ನಿನ್ನ ಮೇಲಿರಲಿ. ಹೊತ್ತು ಹೊತ್ತಿಗೆ ಉಣ್ಣು, ಕಾಲು ಬೆಚ್ಚಗಿಟ್ಟುಕೋ. ನಿನ್ನನ್ನು ಹೆತ್ತದ್ದಕ್ಕೆ ನಾನು ಈ ವಾರ ಊರ ತುಂಬ ತಲೆಯೆತ್ತಿ ನಡೆದಿದ್ದೇನೆ.

ಇಂತಿ ನಿನ್ನ ಅವ್ವ,
ಚಲುವಮ್ಮ

ಮರೆತ ಮಾತು: ಕಾಗದ ಮಡಿಸಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ತಲಕಾಡಿನಿಂದ ಹೊರಡುವ ಮುಂಚೆ ಹೈಕೆ ಒಂದು ವಿಡಿಯೊ ಹಾಕಿದಳು. ನೀನು ಎಲ್ಸೆ ಅಜ್ಜಿಯ ಕತ್ತಿಗೆ ಬಟ್ಟೆ ಕಟ್ಟಿ ಉಣ್ಣಿಸುತ್ತಿದ್ದೆ. "ಇನ್ನೊಂದೇ ತುತ್ತು ನನ್ ಕಂದ, ಆ ಅನ್ನು" ಎಂದು ನಮ್ಮ ಮಾತಿನಲ್ಲೇ ಮುದ್ದು ಮಾಡುತ್ತಿದ್ದೆ. ನಾವೆಲ್ಲ ಕಣ್ಣೊರೆಸಿಕೊಂಡೆವು. ಕವನ ಅಳಲಿಲ್ಲ. ಇನ್ನೊಂದು ಸಲ ಹಾಕಿ ಎಂದಳು, ಮತ್ತೊಂದು ಸಲ ಹಾಕಿ ಎಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತೊಡೆಯ ಮೇಲೆ ಕುಳಿತು ಕೇಳಿದಳು:

"ಅಜ್ಜಿ, ನಂಗೂ ವಯಸ್ಸಾಗಿ ಹಲ್ಲೆಲ್ಲ ಬಿದ್ದೋದ್ರೆ ಅಮ್ಮ ನಂಗೂ ಹಂಗೇ ಉಣ್ಸ್ತಾಳಾ?"

ಅದನ್ನು ನೀನೇ ಬಂದು ಹೇಳು.