ಹಿತ್ತಲಿನ ಪಿಕಪ್ ಗಾಡಿ

ಮಾಲೀಕರಿಗೆ ನಮಸ್ಕಾರ.

ಹಿತ್ತಲಲ್ಲಿ ನಿಂತಿರುವ ಹಳೆಯ ಪಿಕಪ್ ಗಾಡಿಯನ್ನು ಈ ತಿಂಗಳೊಳಗೆ ಗುಜರಿಗೆ ಹಾಕಿ ಎಂದು ಹೇಳಿಕಳಿಸಿದ್ದೀರಿ. ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಚಪ್ಪಡಿ ಕಲ್ಲಿನ ಮೇಲೆ ಆಯಿಲ್ ಸೋರಿದೆ, ಅದನ್ನು ನಾನೇ ಉಜ್ಜಿ ತೊಳೆಯುತ್ತೇನೆ. ನೀವು ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ ಸುತ್ತಿಗೆ ಮುಟ್ಟುವುದಿಲ್ಲ.

ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಮಾತು ನಿಂತುಹೋದದ್ದು ನಿಮಗೆ ಗೊತ್ತು. ಇಪ್ಪತ್ತು ವರ್ಷ ಅವರು ಓಡಿಸಿದ ಗಾಡಿ ಅದು. ದಿನವಿಡೀ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಅದಕ್ಕೇ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ, ರಿಪೇರಿಗೆ ನಾನೇ ಕೈಹಾಕಿದೆ. ಅವರು ಬೆರಳು ತೋರಿಸುತ್ತಾರೆ, ನಾನು ಬಿಚ್ಚುತ್ತೇನೆ. ತುಕ್ಕು ಉಜ್ಜಿದ್ದಾಯಿತು, ಬ್ರೇಕ್ ಬಿಚ್ಚಿ ಕೂರಿಸಿದ್ದೂ ಆಯಿತು.

ಮೊನ್ನೆ ಭಾನುವಾರ ಗಾಡಿಯ ಕೆಳಗೆ ಮಲಗಿದ್ದವಳು ಕೈ ಚಾಚಿ ಒಂದು ಸ್ಪ್ಯಾನರ್ ಎತ್ತಿಕೊಂಡೆ.

"ಅದಲ್ಲ ಕಣೇ ದಡ್ಡಿ! ಹದಿಮೂರು ನಂಬರ್ ತಗೋ!"

ಏಳು ತಿಂಗಳ ಮೇಲೆ ಅವರು ಆಡಿದ ಮೊದಲ ಮಾತು. "ಇನ್ನೊಂದ್ಸಲ ಬೈಯ್ರೀ" ಅಂದೆ. ಬೈದರು. ನಾನು ಗಾಡಿಯ ಕೆಳಗಿದ್ದದ್ದೇ ಒಳ್ಳೆಯದಾಯಿತು, ನನ್ನ ಮುಖ ಅವರಿಗೆ ಕಾಣಲಿಲ್ಲ.

ಈಗ ದಿನಕ್ಕೆ ನಾಲ್ಕೈದು ಮಾತು ಬರುತ್ತಿವೆ, ಎಲ್ಲವೂ ಗಾಡಿಯ ಹತ್ತಿರ ಕೂತಾಗಲೇ. ಗಾಡಿ ಮತ್ತೆ ರಸ್ತೆಗಿಳಿಯುತ್ತದೆ ಎಂಬ ಭರವಸೆ ಕೊಡಲಾರೆ. ಆದರೂ ಇನ್ನು ಮೂರು ತಿಂಗಳು ಅದನ್ನು ಅಲ್ಲೇ ಇರಲು ಬಿಡಿ.

ಬೇಡವೆನ್ನುವ ಮೊದಲು ಒಮ್ಮೆ ಬಂದು ನೋಡಿ. ಎಂಜಿನ್ ಯಾವಾಗ ಸ್ಟಾರ್ಟ್ ಆಗುತ್ತದೆ ಎಂದು ನನ್ನನ್ನಲ್ಲ, ಅವರನ್ನೇ ಕೇಳಿ. ಉತ್ತರ ಬರುವುದು ನಿಧಾನ. ದಯವಿಟ್ಟು ಕಾಯಬೇಕು.

ಇಂತಿ,
ಕೆಳಗಿನ ಮನೆಯ ಬಾಡಿಗೆಯವಳು