ಒಂಬತ್ತು ಯಾರದು

ಹಾಸ್ಟೆಲ್, ರೂಮ್ ನಂಬರ್ 14
ಮಾರ್ಚ್ 9, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಫೋನ್ ಇದ್ದೂ ಕಾಗದ ಬರೆಯುತ್ತಿದ್ದೇನೆ, ಸಾರಿ. ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಮೂರು ಸಲ ಹಾಗೇ ಆಯಿತು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ತಪ್ಪಿದ್ದರೆ ನಗಬೇಡ. ಹೇಗಿದ್ದೀಯಾ? ಸೊಂಟ ನೋವು ಕಡಿಮೆಯಾಯಿತಾ? ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ಬೆಳಿಗ್ಗೆ ಇಳಿದವಳು ಈಗಲೂ ಬಿಸಿಲು ಹೋದ ಮೇಲೆಯೇ ಹತ್ತಿ ಬರುತ್ತೀಯಾ? ಅಜ್ಜಿ ಮಧ್ಯಾಹ್ನದವರೆಗೂ ಬಾಗಿಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಇಡೀ ಬೀದಿಯ ಗುಟ್ಟು ಬಿಚ್ಚುತ್ತಿದ್ದಾಳೆ ತಾನೆ?

ರಜೆ ಮುಗಿದಾಗ ನನ್ನನ್ನು ಬಿಡಲು ಬಂದು, ಇಬ್ಬರೂ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ರಕ್ತ ಕೊಟ್ಟಿರಲ್ಲ, ಅದರ ವಿಷಯ. "ಹೀರ್ಕೊಳ್ಳೇ, ಇಷ್ಟು ವರ್ಷ ನನ್ ಜೀವ ಹೀರಿದ್ದು ಸಾಲ್ದಾ" ಎಂದು ಅಜ್ಜಿ ಕೈ ಚಾಚಿದ್ದಳು. ವಿಟಮಿನ್ ಡಿ ಅಜ್ಜಿಗೆ ಒಂಬತ್ತು, ಅಂದರೆ ತೀರಾ ಕಡಿಮೆ. ನಿನಗೆ ಮೂವತ್ತೊಂದು, ಸಾಕಷ್ಟಿದೆ ಎಂದು ತಿಳಿಸಿದ್ದೆ. "ನೋಡಿದ್ಯಾ, ನಾನು ಕಲ್ಲುಗುಂಡು! ಅತ್ತೆಗೆ ಮಾತ್ರೆ ತರ್ತೀನಿ" ಅಂದೆ ನೀನು. ಮಾತ್ರೆ ತಂದೂ ಕೊಟ್ಟೆ.

ಕಳೆದ ವಾರ ಇಡೀ ಕ್ಲಾಸಿನವರ, ಅವರ ಮನೆಯವರ ಸ್ಯಾಂಪಲ್‌ಗಳ ಪಟ್ಟಿ ವಯಸ್ಸಿನ ಪ್ರಕಾರ ಗೋಡೆಗೆ ಬಂತು. ಕಡಿಮೆ ಇದ್ದವರಿಗೆ ಕೆಂಪು ಗುರುತು. ಮುದುಕರ ಸಾಲು ಮಾತ್ರ ಕೆಂಪಾಗಿರುತ್ತದೆ ಅಂದುಕೊಂಡಿದ್ದೆ. ಸ್ಕೂಲಿನ ಮಕ್ಕಳು, ನಮ್ಮ ವಯಸ್ಸಿನವರು, ನಿನ್ನ ವಯಸ್ಸಿನವರು, ಎಲ್ಲ ಸಾಲೂ ಕೆಂಪು. ನನ್ನದೇ ಹನ್ನೊಂದು. "ವಯಸ್ಸು ನೋಡಿ ನಂಬರ್ ಊಹಿಸೋರು ಭವಿಷ್ಯ ಹೇಳೋಕೆ ಹೋಗಿ, ಲ್ಯಾಬಲ್ಲಿ ಕೂರ್ಬೇಡಿ" ಅಂದರು ಮೇಡಂ. ಎಲ್ಲರೂ ನಕ್ಕರು. ನಾನು ಪಟ್ಟಿಯಲ್ಲಿ ನಿಮ್ಮಿಬ್ಬರ ನಂಬರನ್ನೇ ಮತ್ತೆ ಮತ್ತೆ ನೋಡಿದೆ.

ಅವತ್ತಿನಿಂದ ನನಗೆ ಮೆಟ್ಟಿಲ ಸದ್ದು ಕೇಳುತ್ತದೆ ಅಮ್ಮಾ. ಎರಡು ಮೆಟ್ಟಿಲು, ಒಂದು ನಿಟ್ಟುಸಿರು, ಮತ್ತೆ ಎರಡು. ಈಚೆಗೆ ನೀನು ಹತ್ತುವುದು ಹಾಗೇ ಅಂತ ಅಜ್ಜಿ ಹೇಳಿದ್ದಳಲ್ಲ. ಹಾಡಹಗಲೇ ಬಾಗಿಲು ತೆಗೆದು ನೋಡುತ್ತೇನೆ. ಕಾರಿಡಾರಿನಲ್ಲಿ ಒಗೆದು ಹರವಿದ ಬೆಡ್‌ಶೀಟುಗಳು ಬಿಟ್ಟರೆ ಯಾರೂ ಇರುವುದಿಲ್ಲ. ರೂಮ್‌ಮೇಟ್ "ಟೆನ್ಷನ್ ಮಾಡ್ಕೊಂಡು ಸಾಯ್ಬೇಡ ಕಣೇ" ಅನ್ನುತ್ತಾಳೆ. ಅವಳಿಗೇನು ಗೊತ್ತು.

ಅಜ್ಜಿಗೆ ಒಂದು ಮುತ್ತು. ಅವಳ ಆಶೀರ್ವಾದ ನನಗೆ ಈಗ ತುಂಬಾ ಬೇಕು.

ನಿನ್ನ
ಪುಕ್ಕಲಿ

ತಾ.ಕ.: ನೀವು ರಕ್ತ ಕೊಟ್ಟ ದಿನ ಐಸ್ ಡಬ್ಬಿಯಲ್ಲಿ ನಿಮ್ಮ ಎರಡೂ ಟ್ಯೂಬಿನ ಲೇಬಲ್ ನೆನೆದು ಹೆಸರು ಅಳಿಸಿಹೋಗಿತ್ತು. ಬೈಯುತ್ತಾರೆಂದು ಹೆದರಿ ಒಂದು, ಎರಡು ಅಂತ ಬರೆದು ಕೊಟ್ಟುಬಿಟ್ಟೆ. ರಿಸಲ್ಟ್ ಬಂದಾಗ, ಕಡಿಮೆ ಇರುವುದು ಮುದುಕಿಯದೇ ಇರಬೇಕೆಂದು ನಾನೇ ಹೆಸರು ತುಂಬಿದೆ. ಒಂಬತ್ತು ನಿನ್ನದಿರಬಹುದು ಅಮ್ಮಾ. ಅಜ್ಜಿಯ ಮಾತ್ರೆ ನಿಲ್ಲಿಸಿ, ಇಬ್ಬರೂ ಡಾಕ್ಟರಿಗೆ ಇದೆಲ್ಲ ಹೇಳಿ ಮತ್ತೆ ರಕ್ತ ಕೊಡಿ. ಇವತ್ತು ಮೇಡಂಗೆ ನಾನೂ ಹೇಳುತ್ತೇನೆ. ಬೈಯುವುದಿದ್ದರೆ ಬೈದೇ ಬರೆ, ಆದರೆ ಬೇಗ ಬರೆ.